ಗ್ರೂಪಿನಲ್ಲಿ ಉಳಿದವರು

ನಸುಕಿನಲ್ಲಿ ಎದ್ದಾಗ ಗ್ರೂಪಿನಲ್ಲಿ ಹನ್ನೊಂದು ಜನ ಇದ್ದರು. ಪೂರ್ಣಿಮಾ ಅಕ್ಕಿ ತೊಳೆದು ಒಲೆಗೆ ಇಡುವಷ್ಟರಲ್ಲಿ ಏಳೇ ಜನ ಉಳಿದಿದ್ದರು.

‘ಏಳೂವರೆ ಗಾಡಿ’ ಎಂಬ ಆ ವಾಟ್ಸಾಪ್ ಗ್ರೂಪಿನಲ್ಲಿ ಹೋದ ವಾರದವರೆಗೆ ನಲವತ್ಮೂರು ಜನ. ಪೂರ್ಣಿಮಾ ಸೇರಿ ಎಲ್ಲರೂ ಖಾನಾಪುರದಿಂದ ದಿನಾ ಬೆಳಗಾವಿಗೆ ದುಡಿಯಲು ಹೋಗುವವರು. ಗಾಡಿ ಎಷ್ಟು ತಡ, ಯಾರ ಛತ್ರಿ ಬೋಗಿಯಲ್ಲೇ ಉಳಿಯಿತು, ಯಾರ ಮಗಳಿಗೆ ವರ ಗೊತ್ತಾಯಿತು. ಅಲ್ಲಿನ ರಾಜಕಾರಣವೆಲ್ಲ ಇಷ್ಟೇ.

ಆಮೇಲೆ ನಿಲ್ದಾಣಕ್ಕೆ ಪೊಲೀಸ್ ಭದ್ರತೆ ಬಂತು. ಬೆಳಗಾವಿಯಲ್ಲಿ ಇಳಿದವರೆಲ್ಲ ಸಾಲಾಗಿ ನಿಲ್ಲಬೇಕು, ಚೀಲ ಬಿಚ್ಚಬೇಕು, ಮುಖದ ಫೋಟೊ ತೆಗೆಸಿಕೊಳ್ಳಬೇಕು. ಐದು ಜನ ಒಂದೆಡೆ ಸೇರಬಾರದು. ಯಾಕೆ ಎಂದರೆ, ನಿಮ್ಮ ಒಳ್ಳೆಯದಕ್ಕೇ ಎಂಬ ಉತ್ತರ. ಆಸ್ಪತ್ರೆಯಲ್ಲಿ ಕಸ ಗುಡಿಸುವ ನೀಲಾ ದಿನಾ ತಡವಾಗಿ ಹೋಗಿ, ಇದ್ದ ಕೆಲಸಕ್ಕೇ ಕುತ್ತು ತಂದುಕೊಂಡಳು.

ಆಗ ಪೂರ್ಣಿಮಾಳ ಗಂಡ ಶಶಿಧರ ಗ್ರೂಪಿನಲ್ಲಿ ಬರೆದ: ‘ನಾಳೆ ಎಲ್ಲರೂ ಕೂಡಿ ಹೋಗಿ ಸಾಹೇಬರನ್ನು ಕೇಳೋಣ.’

ಮರುದಿನ ಗಾಡಿಯಿಂದ ಕಾಲು ಕೆಳಗಿಡುತ್ತಿದ್ದಂತೆ ಅವನನ್ನು ಹಿಡಿದರು. ನಿಷೇಧಾಜ್ಞೆ ಮುರಿಯಲು ಸಂಚು ಮಾಡಿದನಂತೆ. ಈಗ ಹಿಂಡಲಗಾ ಜೈಲಿನಲ್ಲಿದ್ದಾನೆ.

ಶಶಿಧರ ಬರೆದದ್ದು ಬರೀ ವಿನಂತಿಯ ಮಾತು ಎಂದು ಗ್ರೂಪಿನ ಐದು ಜನ ಬರೆದು ಸಹಿ ಹಾಕಿದರೆ ಸೋಮವಾರ ಜಾಮೀನು ಸಿಗಬಹುದು ಎಂದು ವಕೀಲೆ ಗಂಗಾದೇವಿ ಹೇಳಿದ್ದರು. ಸಿಗದಿದ್ದರೆ, ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಒಳಗಿಡುವ ಕಾಯ್ದೆ ಪೊಲೀಸರ ಕೈಯಲ್ಲಿತ್ತು. ಸಹಿ ಹಾಕಬೇಕಾದವರು ನೋಡಿದರೆ ಒಬ್ಬೊಬ್ಬರಾಗಿ ಗ್ರೂಪು ಬಿಡುತ್ತಿದ್ದರು. ಅಡ್ಮಿನ್ ಆದವರೂ ಹೊಣೆ ಎಂದು ಪೊಲೀಸರು ಸಾರಿದ್ದರು. ಒಬ್ಬ ಅಡ್ಮಿನ್ ಬಿಟ್ಟರೆ ಆ ಪಟ್ಟ ತಾನಾಗಿ ಇನ್ನೊಬ್ಬರ ತಲೆಗೆ ಬೀಳುತ್ತಿತ್ತು. ಅವರೂ ಕೆಂಡ ತುಳಿದವರಂತೆ ಹೊರಗೆ ಹಾರುತ್ತಿದ್ದರು.

ಎಲ್ಲರಿಗಿಂತ ಮೊದಲು ಹಾರಿದವನು ಗನಿ. ಬೆಳಗಾವಿಯ ರವಿವಾರ ಪೇಟೆಯಲ್ಲಿ ಮಸಾಲೆ ಅಂಗಡಿ ಇಟ್ಟವನು. ಗ್ರೂಪು ಕಟ್ಟಿದವನೇ ಅವನು, ಶಶಿಧರನ ಬುತ್ತಿಯಲ್ಲಿ ಕೈ ಹಾಕಿ ಉಂಡವನು. ಗಂಡನ ಮಾತನ್ನು ಪೊಲೀಸರಿಗೆ ತೋರಿಸಿದವನೂ ಅವನೇ ಇರಬೇಕು ಎಂದು ಪೂರ್ಣಿಮಾಳ ಮನಸ್ಸು ಹೇಳುತ್ತಿತ್ತು. ಆ ಸಿಟ್ಟು ಅವಳಿಗೆ ನಿದ್ದೆ ಕೊಡುತ್ತಿರಲಿಲ್ಲ.

“ನನ್ನ ಮಗಾ ಏನ ಬರದಿದ್ದ, ಇನ್ನೊಮ್ಮಿ ತೋರಸವಾ,” ಎಂದರು ಅತ್ತೆ ಶಿವಲಿಂಗವ್ವ. ದಿನಕ್ಕೊಮ್ಮೆ ಕೇಳದಿದ್ದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

ಪೂರ್ಣಿಮಾ ಫೋನು ಹಿಡಿದಳು. ಶಶಿಧರನ ಮಾತು. ಅದರ ಕೆಳಗೆ, ಆವತ್ತು ಬಂದಿದ್ದ ಒಂದೇ ಒಂದು ಉತ್ತರ, ಗಾಡಿಯ ಹಿರಿಯರಾದ ಗುರುಪುತ್ರಪ್ಪನವರದು: ‘ಶಾಬಾಸ್ ತಮ್ಮಾ, ನಾನೂ ಬರತೇನಿ.’ ಆಮೇಲೆ ಮೊನ್ನೆ ಪೂರ್ಣಿಮಾ ಬರೆದದ್ದು: ‘ದಯವಿಟ್ಟು ಯಾರಾದರೂ ಸಹಿ ಹಾಕಿ.’ ಅದನ್ನು ನೋಡಿ ಐದು ಜನ ಗುಟ್ಟಾಗಿ ಒಪ್ಪಿಕೊಂಡಿದ್ದರು.

ಅಕ್ಷರ ಕೂಡಿಸಿ ಓದುತ್ತಿದ್ದ ಅತ್ತೆ ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. “ಇದೊಂದ ಯಾಕ ಬಲಕ್ಕ ಕುಂತೈತಿ? ಹೆಸರೂ ಇಲ್ಲ.”

“ಅದು ನಂದ್ರಿ ಅತ್ತಿ. ನಾ ಬರದದ್ದು ನನ್ನ ಫೋನಿನ್ಯಾಗ ಹಂಗ ಕಾಣ್ತದ. ಬ್ಯಾರೇದವರದು ಎಡಕ್ಕ, ಹೆಸರಿನ ಕೂಡ.”

“ಇಷ್ಟ ಮಂದ್ಯಾಗ ಗುರುಪುತ್ರಪ್ಪ ಒಬ್ಬಾಂವರ ಮನಶಾ ಅದಾನ,” ಎಂದು ಅತ್ತೆ ಕಣ್ಣೊರೆಸಿಕೊಂಡರು.

ವಕೀಲರನ್ನು ಕಾಣಲು ಬೆಳಗಾವಿಗೆ ಹೊರಟಾಗ, ಗಾಡಿಯ ಬಾಗಿಲಲ್ಲಿ ಗನಿ ನಿಂತಿದ್ದ. ಪೂರ್ಣಿಮಾಳಿಗೆ ತಡೆದುಕೊಳ್ಳಲಾಗಲಿಲ್ಲ. “ಎಲ್ಲಾರಕಿಂತ ಮೊದಲ ಓಡಿದ್ರೆಲ್ಲ ಗನಿಭಾಯಿ, ನಿಮಗ ಹ್ಯಾಂಗ ಮನಸು ಬಂತ್ರಿ?”

ಗನಿ ಅತ್ತಿತ್ತ ನೋಡಿದ. “ಹೋದಾವ್ರನ್ನ ಯಾಕ ನೋಡ್ತೀರಿ ಅಕ್ಕಾರ,” ಎಂದ ಮೆಲ್ಲಗೆ. “ಉಳದಾವ್ರನ್ನ ನೋಡ್ರಿ.”

ಕೊನೆಗೆ ಇಷ್ಟಾದರೂ ನಾಚಿಕೆ ಇದೆಯಲ್ಲ ಎಂದುಕೊಂಡು ಅವಳು ಒಳಗೆ ನಡೆದಳು.

ಒಳಗೆ ಗುರುಪುತ್ರಪ್ಪನವರು ಎದ್ದು ಜಾಗ ಕೊಟ್ಟರು. ಮೂವತ್ತು ವರ್ಷ ಮಾಸ್ತರಿಕೆ ಮಾಡಿ, ಈಗ ಬೆಳಗಾವಿಗೆ ಟ್ಯೂಷನ್ ಹೇಳಲು ಹೋಗುವವರು. ಗ್ರೂಪಿನಿಂದ ಅವರು ಅಲುಗಿರಲಿಲ್ಲ.

“ಅಳಬ್ಯಾಡ ತಂಗಿ, ನಾ ಅದೀನಿ. ಸಹಿಗೆ ಯಾರ್ಯಾರು ಒಪ್ಪ್ಯಾರ, ಬರದ ಕೊಡು. ನಾನ ಹೋಗಿ ಧೈರ್ಯಾ ಹೇಳ್ತೀನಿ.”

“ಯಾರ ಮುಂದೂ ಹೇಳಬ್ಯಾಡ ಅಂತ ವಕೀಲರು ಅಂದಾರ್ರಿ ಕಾಕಾ.”

“ನನ್ನ ಮುಂದೂನ?”

ಅವಳಿಗೆ ಕೆಟ್ಟೆನಿಸಿತು. ಎಲ್ಲರೂ ಕೈಬಿಟ್ಟಾಗ ನಿಂತ ಹಿರಿಯರಿಗೇ ಈ ಮಾತೇ? ಚೀಟಿಯಲ್ಲಿ ಮೊದಲು ನೀಲಾಳ ಹೆಸರು ಬರೆದಳು, ಆಮೇಲೆ ಇನ್ನು ನಾಲ್ಕು. ಗುರುಪುತ್ರಪ್ಪನವರು ಚೀಟಿಯನ್ನು ಮಡಚಿ, ಕನ್ನಡಕದ ಜೊತೆ ಅಂಗಿಯ ಕಿಸೆಗೆ ಇಳಿಸಿದರು. ಆ ವಾರದಲ್ಲಿ ಮೊದಲ ಸಲ ಪೂರ್ಣಿಮಾ ನೆಮ್ಮದಿಯಿಂದ ಕಿಟಕಿಯ ಹೊರಗೆ ನೋಡಿದಳು.

ಮಧ್ಯಾಹ್ನ ವಕೀಲರ ಕಚೇರಿಯಲ್ಲಿ ಕುಳಿತಿದ್ದಾಗ ನೀಲಾಳ ಫೋನು ಬಂತು. “ಅಕ್ಕಾ, ನನ್ನ ಠಾಣೇಕ್ಕ ಕರದಾರ. ಯಾರೋ ನನ್ನ ಹೆಸರ ಹೇಳ್ಯಾರ. ನಾ ಸಹಿ ಹಾಕಂಗಿಲ್ಲ ಅಕ್ಕಾ, ನನ್ನ ಬಿಟ್ಟಬಿಡ್ರಿ.”

ಗನಿ! ಬಾಗಿಲಲ್ಲಿ ನಿಂತು ಚೀಟಿ ಬರೆಯುವುದನ್ನು ನೋಡಿದ್ದಾನೆ. ಪೂರ್ಣಿಮಾಳ ಮೈ ಉರಿದುಹೋಯಿತು. “ಅಂವನ ಮೇಡಂ, ನನಗ ಮೊದಲ ಗೊತ್ತಿತ್ತು. ಕೋರ್ಟಿನ್ಯಾಗ ಅವನ ಹೆಸರ ಎತ್ತರಿ.”

“ಹೆಸರು ಹೇಳೂದಿಲ್ಲಂತ, ಅದೂ ಭದ್ರತಾ ಕಾರಣ,” ಎಂದರು ಗಂಗಾದೇವಿ, ಪೊಲೀಸರು ಕೊಟ್ಟ ಕಾಗದಗಳನ್ನು ತಿರುವುತ್ತ. “ಮಾಹಿತಿ ಕೊಟ್ಟಾಂವ ತನ್ನ ಫೋನಿನಿಂದ ಕಳಿಸಿದ ಸ್ಕ್ರೀನ್‌ಶಾಟ್ ಅಷ್ಟ ಹಚ್ಚ್ಯಾರ. ನೋಡ್ರಿ.”

ಎಡಗಡೆ ಶಶಿಧರನ ಹೆಸರು, ಶಶಿಧರನ ಮಾತು. ಅದರ ಕೆಳಗೆ, ಬಲಗಡೆ, ಹೆಸರಿಲ್ಲದೆ: ‘ಶಾಬಾಸ್ ತಮ್ಮಾ, ನಾನೂ ಬರತೇನಿ.’