ಹೊಗೆ ಕಡಿಮೆಯ ಗಾಡಿ

ಮದುವೆಯಾದಾಗಿನಿಂದ ಹೊರಗಿನ ಅನ್ನ ಮುಟ್ಟದ ಗಂಡ ಕೊನೆಗೂ ವಿದೇಶ ಸುತ್ತಲು ಒಪ್ಪಿದ್ದ. ಒಂದೇ ಷರತ್ತು: ಅಡುಗೆಮನೆಯೂ ಜೊತೆಗೆ ಬರಬೇಕು. ಹಾಗಾಗಿ ಇಬ್ಬರೂ, ಬೆನ್ನ ಮೇಲೆ ಪುಟ್ಟ ಮನೆ ಹೊತ್ತ ಲಾರಿ ಕೊಳ್ಳಲು ಬಂದಿದ್ದರು.

"ನೋಡೇ, ಒಲೆ, ಸಿಂಕು, ಕುಕ್ಕರ್ ಇಡೋಕೂ ಜಾಗ! ಯಾವ ದೇಶಕ್ಕೆ ಹೋದ್ರೂ ನಿನ್ನ ಕೈ ಸಾರೇ."

ಆಕೆ ಒಲೆಯ ಮುಂದೆ ನಿಂತಳು. ಎರಡೂ ಮೊಣಕೈ ಗೋಡೆಗೆ ತಾಗಿದವು. ಮನೆಯಲ್ಲಾದರೆ ಅಡುಗೆಮನೆಗೆ ಕಿಟಕಿಯಾದರೂ ಇದೆ.

ಗಂಡ ಮೇಲಿನ ಹಾಸಿಗೆ ನೋಡಲು ಹತ್ತಿದ. ಆಕೆ ಕೆಳಗಿಳಿದು ಮಾರುವವನನ್ನು ಕೇಳಿದಳು, "ಇದಕ್ಕೂ ಪಕ್ಕದ್ದಕ್ಕೂ ಏನು ವ್ಯತ್ಯಾಸ?"

"ಪಕ್ಕದ್ದು ಹಳೇದು ಮೇಡಂ. ಹೊಗೆ ಉಗುಳುತ್ತೆ, ಆದ್ರೆ ಎಂಥ ಡೀಸೆಲ್ ಹಾಕಿದ್ರೂ ಓಡುತ್ತೆ. ಈ ಹೊಸದಕ್ಕೆ ಹೊಗೆ ತೀರಾ ಕಮ್ಮಿ, ಆದ್ರೆ ಶುದ್ಧ ಡೀಸೆಲ್ಲೇ ಬೇಕು. ಕೆಲವು ದೇಶದಲ್ಲಿ ಅದು ಸಿಗಲ್ಲ. ಕೆಟ್ಟು ನಿಂತ್ರೆ ಗಾಡಿ ಗ್ಯಾರೇಜಿಗೆ, ನೀವು ವಾರಗಟ್ಟಲೆ ಹೋಟೆಲಿಗೆ."

"ಹೋಟೆಲ್ ರೂಮಲ್ಲಿ ಅಡುಗೆ ಮಾಡೋಕೆ ಬಿಡ್ತಾರಾ?"

"ಎಲ್ಲಿ ಬಿಡ್ತಾರೆ ಮೇಡಂ!"

ಆಕೆ ಗಾಡಿಯೊಳಕ್ಕೆ ತಲೆ ಹಾಕಿ ಕೂಗಿದಳು, "ರೀ, ಹೊಗೆ ಕಮ್ಮಿ ಇರೋದನ್ನೇ ತಗೊಳ್ಳೋಣ. ಪರಿಸರ ಮುಖ್ಯ."