ಎರಡು ಬಿಲ್ಲೆಯ ಹಸು

ಬಿಳಿ ಹಸುವಿನ ಎರಡೂ ಕಿವಿಗಳಲ್ಲಿ ಹಳದಿ ಬಿಲ್ಲೆ ಕಂಡು ಡಾಕ್ಟರಮ್ಮ ಕನ್ನಡಕ ಒರೆಸಿಕೊಂಡರು. ಲಸಿಕೆ ಹಿಡಿದಿದೆಯೇ ಎಂದು ರಕ್ತ ತೆಗೆದು ನೋಡಲು ಬಂದಿದ್ದರು. ಒಂದು ಹಸುವಿಗೆ ಒಂದೇ ಬಿಲ್ಲೆ, ಒಂದೇ ನಂಬರು. ಪಟ್ಟಿಯ ಪ್ರಕಾರ ಎಡಗಿವಿಯ ನಂಬರು ಈ ಮನೆಯ ಹಸುವಿನದು, ಬಲಗಿವಿಯದು ಗೋಡೆಯಾಚೆಯ ಓರಗಿತ್ತಿಯ ಹಸುವಿನದು.

“ಇದು ಯಾರ ಹಸು ಅಕ್ಕ?”

“ನಮ್ದೇ,” ಎಂದಳು ಮನೆಯಾಕೆ, ಓರಗಿತ್ತಿಯರಲ್ಲಿ ಹಿರಿಯಳು.

ಅಷ್ಟರಲ್ಲಿ ಹಿಂದಿನ ಕೋಣೆಯ ಬಾಗಿಲಿಗೆ ಒಳಗಿನಿಂದ ಧಡ್ ಎಂದು ಒದೆ ಬಿತ್ತು.

“ಒಳಗಿರೋದು?”

“ಅದೂ ನಮ್ದೇ.”

ಕೊನೆಗೆ ನಿಜ ಹೊರಬಂತು. ಒಳಗಿದ್ದದ್ದು ಅವಳ ಕರಿ ಹಸು; ಹೋದ ವರ್ಷ ಅದು ಲಸಿಕೆಯವನನ್ನು ಗೊಬ್ಬರದ ಗುಂಡಿಗೆ ಒದ್ದು ಕೆಡವಿತ್ತು. ಬೀದಿಯೆಲ್ಲ ವಾರವಿಡೀ ನಕ್ಕಿತ್ತು. ಮನೆ ಪಾಲಾದಾಗಿನಿಂದ, ಮೂರು ವರ್ಷ, ಓರಗಿತ್ತಿಯರಿಬ್ಬರಿಗೂ ಮಾತಿಲ್ಲ.

“ನಾನೇನೂ ಕೇಳ್ಲಿಲ್ಲ, ಅವಳೇನೂ ಹೇಳ್ಲಿಲ್ಲ. ಈ ಸಲ ಲಸಿಕೆಯವನು ಬಂದಾಗ ಹಿತ್ತಿಲಿಂದ ಅವಳ ಬಿಳಿ ಹಸು ಬಂತು. ಇವತ್ತು ನಿಮ್ಮ ಸ್ಕೂಟರ್ ಸದ್ದಿಗೆ ಮತ್ತೆ ಬಂತು.”

“ಅವನಿಗೆ ಮೊದಲಿನ ಬಿಲ್ಲೆ ಕಾಣಲಿಲ್ವಾ?”

“ಆ ಕಿವಿ ಗೋಡೆ ಕಡೆಗಿತ್ತು. ಅವನಿಗೂ ಊಟದ ಹೊತ್ತು.”

ಡಾಕ್ಟರಮ್ಮ ನಕ್ಕುಬಿಟ್ಟರು. ಆಮೇಲೆ ನಗು ನಿಲ್ಲಿಸಿದರು. “ಕಾಲುಬಾಯಿ ರೋಗ ಹೊಳೆಯಾಚೆ ಬಂದು ಕೂತಿದೆ. ಇದಕ್ಕೆ ಎರಡು ಮನೆ ಲಸಿಕೆ ಬಿದ್ದಿದೆ, ನಿಮ್ಮದಕ್ಕೆ ಒಂದೂ ಇಲ್ಲ. ನಾಳೆ ಅದರ ಬಾಯಿ ಹುಣ್ಣಾದ್ರೆ?”

ಹಿರಿಯಳ ಮುಖ ಇಳಿಯಿತು. ಮನೆ ನಡೆಯುತ್ತಿದ್ದುದೇ ಆ ಹಸುವಿನ ಹಾಲಿನಿಂದ. “ಈಗಲೇ ಹಾಕಿ. ಆದ್ರೆ ಹಿಡಿಯೋಕೆ ನನ್ನೊಬ್ಬಳ ಕೈಲಾಗಲ್ಲ.”

ಬಿಟ್ಟುಹೋದ ದನಗಳಿಗೆಂದು ತಂದಿದ್ದ ಲಸಿಕೆಯ ಐಸ್ ಪೆಟ್ಟಿಗೆಯನ್ನು ಡಾಕ್ಟರಮ್ಮ ತೆರೆದರು. ಗೋಡೆಯ ಮೇಲೊಂದು ತಲೆ ಎದ್ದಿತು. “ಡಾಕ್ಟರಮ್ಮ, ಹಗ್ಗ ಕಂಬಕ್ಕೆ ಎರಡು ಸುತ್ತು ಸುತ್ತಬೇಕು ಅಂತ ಅವರಿಗೆ ಹೇಳಿ.”

“ನಂಗೊತ್ತು ಅಂತ ಅವಳಿಗೆ ಹೇಳಿ.”

“ಗೊತ್ತಿದ್ರೆ ಹೋದ ವರ್ಷ ಅವನ್ಯಾಕೆ ಗುಂಡಿಗೆ ಬಿದ್ದ ಅಂತ ಕೇಳಿ!”

ತಲೆ ಮಾಯವಾಯಿತು. ಮರುಗಳಿಗೆ ಕಿರಿಯಳು ಹಿತ್ತಿಲಿನಿಂದ, ಸೆರಗು ಸಿಕ್ಕಿಸಿಕೊಂಡು ಬಂದಳು. ಕರಿ ಹಸು ಹೊರಬಂದದ್ದೇ ಕುಣಿಯಿತು.

“ಕಿವಿ ಹಿಡಿಯೇ!”

“ಹಿಡಿದಿದೀನಿ ಅಕ್ಕ, ನಿಮ್ಮ ಕಾಲು ನೋಡ್ಕೊಳ್ಳಿ!”

ಸೂಜಿ ಹೋಗಿ ಬಂತು. ಇಬ್ಬರೂ ಏನೂ ಆಗದವರಂತೆ ಸೀರೆ ಕೊಡವಿಕೊಂಡರು.

“ಒಂದು ತಿಂಗಳು ಬಿಟ್ಟು ಇನ್ನೊಂದು ಸಲ ಹಾಕಬೇಕು.”

“ಅವಳಿಗೆ ಹೇಳಿ,” ಎಂದಳು ಹಿರಿಯಳು, ಪಕ್ಕದಲ್ಲೇ ನಿಂತವಳನ್ನು ತೋರಿಸಿ.

“ನೀವಿಬ್ರೂ ನಿಜವಾಗ್ಲೂ ಮಾತಾಡಲ್ವಾ?”

“ಇಲ್ವೇ ಇಲ್ಲ,” ಎಂದರು ಇಬ್ಬರೂ, ಒಟ್ಟಿಗೆ.

ಹಗ್ಗ ಬಿಚ್ಚಿದ್ದೇ ತಡ, ಬಿಳಿ ಹಸು ನೇರ ಮೂಲೆಗೆ ನಡೆಯಿತು. ಒಂದೇ ಹಸುವಿನ ಕೊಟ್ಟಿಗೆ. ಅಲ್ಲಿ ಕಲಗಚ್ಚಿನ ಬಾನಿ ಎರಡಿದ್ದವು, ಎರಡೂ ತುಂಬಿದ್ದವು. ಹಸು ಎರಡನೆಯದಕ್ಕೆ ಬಾಯಿ ಹಾಕಿತು. ಹಿರಿಯಳು ಸೂರಿನಲ್ಲಿ ಏನನ್ನೋ ಹುಡುಕತೊಡಗಿದಳು.