ದಿನಾ ಬಳಸುವ ಕತ್ತರಿ

ಹೊಲಿಗೆ ಕಲಿಸುವ ಅತ್ತಿಗೆಯ ವಿಡಿಯೊ ಕೆಳಗೆ, ಅವಳು ಮುಟ್ಟಿಯೂ ನೋಡದ ಕತ್ತರಿಯ ಲಿಂಕ್ ಹಾಕಿ, 'ನಾನು ದಿನಾ ಬಳಸೋದು ಇದನ್ನೇ' ಎಂದು ಅವಳ ಹೆಸರಲ್ಲಿ ಮೈದುನ ಬರೆದ. ಲಿಂಕ್ ಒತ್ತಿ ಯಾರಾದರೂ ಕೊಂಡರೆ ಅವನಿಗೆ ಕಮಿಷನ್. ಹಾಗೆ ಕೊಂಡ ಹುಡುಗಿಯೊಬ್ಬಳು, ತನ್ನ ಮೊದಲ ಗಿರಾಕಿಯ ಕೋಟಿನ ಬಟ್ಟೆ ಹಾಳಾಯಿತೆಂದು ಬರೆದಿದ್ದಳು: 'ನಿಮ್ಮ ಮಾತು ನಂಬಿದ್ದೆ, ಅಕ್ಕ.'

ಈಗ ಅದೇ ಕತ್ತರಿ ಅತ್ತಿಗೆಯ ಕೈಯಲ್ಲಿತ್ತು, ಮೈದುನನ ಫೋನು ಅವಳ ಮುಂದೆ ವಿಡಿಯೊ ತೆಗೆಯುತ್ತಿತ್ತು. ಅವಳು ದಪ್ಪ ಬಟ್ಟೆಯ ಮೇಲೆ ಎಳೆದ ಸೀಮೆಸುಣ್ಣದ ಗೆರೆ ಹಿಡಿದು ಕತ್ತರಿಸತೊಡಗಿದಳು. ಗೇಣು ದೂರ ಹೋಗುವಷ್ಟರಲ್ಲಿ ಬಟ್ಟೆ ಅಲಗುಗಳ ನಡುವೆ ಮಡಚಿ ಸಿಕ್ಕಿಕೊಂಡಿತು. ಬಿಡಿಸಿ ನೋಡಿದರೆ ಅಂಚು ಕರು ಅಗಿದು ಬಿಟ್ಟಂತಿತ್ತು.

"ಅಯ್ಯೋ, ನಿಲ್ಸಿ ಅತ್ತಿಗೆ!" ಮೈದುನ ಹಣೆ ಚಚ್ಚಿಕೊಂಡ. "ನಿಮ್ಮ ಹಳೇ ಕತ್ತರೀಲಿ ಕತ್ತರಿಸ್ಬಿಡಿ. ಆಮೇಲೆ ಹೊಸದನ್ನ ಕೈಲಿ ಹಿಡ್ಕೊಂಡು ನಕ್ಕರೆ ಸಾಕು, ನಡುವಿನದನ್ನ ನಾನು ತೆಗೀತೀನಿ. ಎಲ್ಲರೂ ಶುರು ಮಾಡೋದೇ ಹೀಗೆ."

"ನಿನ್ನ ನಾಲಿಗೆಗಿರೋ ಹರಿತ ಇದಕ್ಕಿದ್ದಿದ್ರೆ ಚೆನ್ನಾಗಿತ್ತಪ್ಪ."

"ತಮಾಷೆ ಸಾಕು. ಹಳೇದು ತಗೊಳ್ಳಿ."

ಹಳೆಯ ಕತ್ತರಿ ಅವಳ ಮೊಣಕೈ ಪಕ್ಕದಲ್ಲೇ ಇತ್ತು. ಅವಳು ಅತ್ತ ನೋಡಲಿಲ್ಲ. ಆ ಹರಕು ಅಂಚನ್ನು ಎರಡೂ ಕೈಯಲ್ಲಿ ಬಿಡಿಸಿ, ಫೋನಿನ ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದಳು.

"ಹಳೇದನ್ನ ಮುಟ್ಟಲ್ಲ," ಎಂದಳು. "ಆ ಹುಡುಗಿ ಇದನ್ನ ನೋಡ್ಬೇಕು. ನೀನು ಆಫ್ ಮಾಡ್ಬೇಡ."